ಹಿಮ ಬಿದ್ದ ಅಭಯಾರಣ್ಯದಲ್ಲಿ ಪ್ರಾಣಿಗಳೇ ಕಾಣುತ್ತಿಲ್ಲ, ಏನು ನೋಡಬೇಕು?

ಕಾಲುದಾರಿ:
ಚಳಿಗಾಲದಲ್ಲಿ ಅಭಯಾರಣ್ಯದೊಳಗೆ ನಡೆಯುವುದು ನನಗೆ ತುಂಬಾ ಇಷ್ಟ. ಜನ ಕಡಿಮೆ, ಎಲೆಯೆಲ್ಲ ಉದುರಿರುತ್ತದೆ, ದೂರದವರೆಗೂ ಕಾಣುತ್ತದೆ. ಆದರೆ ಪ್ರಾಣಿ ಮಾತ್ರ ಒಂದೂ ಕಣ್ಣಿಗೆ ಬೀಳುತ್ತಿಲ್ಲ. ಎಲ್ಲವೂ ಮಲಗಿಬಿಟ್ಟಿರುತ್ತವಾ? ಹಿಮದ ಮೇಲೆ ಹೆಜ್ಜೆ ಗುರುತು ಬೇಕಾದಷ್ಟಿವೆ. ಅದನ್ನೇ ಹಿಡಿದು ಹೋದರೆ ಪ್ರಾಣಿ ಸಿಗುತ್ತದಾ?

ಮೊಲದ ಜಾಡು:
ಎಲ್ಲವೂ ಎಲ್ಲಿ ಮಲಗುತ್ತವೆ! ನರಿ, ಮೊಲ, ಜಿಂಕೆ, ಮರದ ಅಳಿಲು ಚಳಿಗಾಲವಿಡೀ ಓಡಾಡಿಕೊಂಡೇ ಇರುತ್ತವೆ. ಮೊದಲು ಮೊಲದ ಗುರುತು ಕಲಿಯಿರಿ, ಸುಲಭ. ನಾಲ್ಕು ಗುರುತಿನ ಗುಂಪು, ಮುಂದೆ ಎರಡು ದೊಡ್ಡದು, ಹಿಂದೆ ಎರಡು ಚಿಕ್ಕದು. ಮುಂದಿರುವುದೇ ಮುಂಗಾಲು ಅಂತ ಅನಿಸುತ್ತದೆ, ಆದರೆ ಜಿಗಿಯುವಾಗ ಹಿಂಗಾಲು ಮುಂಗಾಲನ್ನು ದಾಟಿ ಬಂದು ಊರುತ್ತದೆ, ಹಾಗಾಗಿ ದೊಡ್ಡದು ಮುಂದೆ. ಚಿಕ್ಕ ಎರಡು ಒಂದರ ಹಿಂದೊಂದು ಇದ್ದರೆ ಮೊಲ, ಅಕ್ಕಪಕ್ಕ ಇದ್ದರೆ ಹೆಚ್ಚಾಗಿ ಅಳಿಲು. ಅಳಿಲಿನ ಸಾಲು ಮರದ ಬುಡಕ್ಕೆ ಹೋಗಿ ನಿಂತುಬಿಡುತ್ತದೆ. ನರಿಯದ್ದು ನೇರ ಸಾಲು, ಹಿಂಗಾಲು ಮುಂಗಾಲಿನ ಗುರುತಿನಲ್ಲೇ ಬೀಳುತ್ತದೆ. ನಾಯಿ ಹಾಗೆ ಶಿಸ್ತಾಗಿ ನಡೆಯುವುದು ಅಪರೂಪ.

ಒಣಕಡ್ಡಿ:
ಹೆಜ್ಜೆ ಹಿಡಿದು ಹೋಗಿ, ಆದರೆ ಪ್ರಾಣಿ ಹೋದ ಕಡೆಗಲ್ಲ, ಬಂದ ಕಡೆಗೆ. ಮೇವು ಸಿಗದ ಕಾಲ ಇದು. ಜಿಂಕೆ ಮೈಯಲ್ಲಿರುವ ಕೊಬ್ಬನ್ನೇ ಕರಗಿಸಿಕೊಂಡು ದಿನ ದೂಡುತ್ತಿರುತ್ತದೆ. ನಾವು ಬೆನ್ನು ಹತ್ತಿದರೆ ಆಳದ ಹಿಮದಲ್ಲಿ ಅದು ಸುಮ್ನೆ ಓಡಬೇಕಾಗುತ್ತದೆ, ನಮಗೆ ಫೋಟೋ, ಅದಕ್ಕೆ ನಷ್ಟ. ಹಿಂದಕ್ಕೆ ಹೋದರೆ ಅದು ಮಲಗಿದ್ದ ತಗ್ಗು ಸಿಗುತ್ತದೆ, ಮೈಬಿಸಿಗೆ ಹಿಮ ಒತ್ತಿಕೊಂಡು ಅಂಚು ಗಟ್ಟಿಯಾಗಿರುತ್ತದೆ. ಕಡಿದ ಕಡ್ಡಿಗಳನ್ನೂ ನೋಡಿ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲಿಲ್ಲ, ಕಡ್ಡಿಯನ್ನು ಕಿತ್ತು ಎಳೆಯುತ್ತದೆ, ತುದಿ ನಾರುನಾರಾಗಿರುತ್ತದೆ. ಮೊಲ ಕಡಿದದ್ದು ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ.

ಬಿಸಿಲಂಚು:
ಹೆಜ್ಜೆ ಗುರುತೆಲ್ಲ ಸರಿ, ಪ್ರಾಣಿಯನ್ನೇ ನೋಡಬೇಕು ಅನ್ನುವವರು ನಡೆಯುವುದನ್ನು ಕಡಿಮೆ ಮಾಡಿ ನಿಲ್ಲುವುದನ್ನು ಜಾಸ್ತಿ ಮಾಡಬೇಕು. ಬೆಳಗಿನ ಬಿಸಿಲು ಬೀಳುವ ಕಾಡಿನ ಅಂಚು, ಹೆಪ್ಪುಗಟ್ಟದೆ ಉಳಿದ ನೀರು, ಇವೆರಡು ಜಾಗ ಸಾಕು. ಬಾತುಕೋಳಿಗಳು ಅಲ್ಲೇ ಸೇರಿರುತ್ತವೆ. ತಣ್ಣೀರಲ್ಲಿ ನಿಂತರೂ ಕಾಲಿನ ಮೂಲಕ ಅವುಗಳ ಮೈಬಿಸಿ ಯಾಕೆ ಹೆಚ್ಚು ಸೋರಿಹೋಗುವುದಿಲ್ಲ ಅಂದರೆ, ಕೆಳಗಿಳಿಯುವ ಬಿಸಿ ರಕ್ತ ಮೇಲೆ ಬರುವ ತಣ್ಣನೆಯ ರಕ್ತಕ್ಕೆ ದಾರಿಯಲ್ಲೇ ಶಾಖ ಕೊಟ್ಟುಬಿಡುತ್ತದೆ. ಸಣ್ಣ ಹಕ್ಕಿಗಳು ಬೇರೆಬೇರೆ ಜಾತಿಯವು ಒಟ್ಟಿಗೆ ಗುಂಪಾಗಿ ಬರುತ್ತವೆ, ಅರ್ಧ ಗಂಟೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ಮರ ತುಂಬ. 8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ ಬೈನಾಕ್ಯುಲರ್ ಸಾಕು, ಮಂಕು ಬೆಳಕಲ್ಲೂ ಕಾಣುತ್ತದೆ. ಕಣ್ಣಿಗೆ ಹಿಡಿದಾಗ ಉಸಿರು ಕೆಳಕ್ಕೆ ಬಿಡಿ, ಇಲ್ಲದಿದ್ದರೆ ಗಾಜು ಮಂಜಾಗುತ್ತದೆ. ಕ್ಯಾಮೆರಾದ ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿರಲಿ, ಚಳಿಗೆ ಬೇಗ ಇಳಿಯುತ್ತದೆ.

ಕಾಲುದಾರಿ:
ಎಲ್ಲರಿಗೂ ಥ್ಯಾಂಕ್ಸ್. ಒಣಕಡ್ಡಿಯವರೇ, ಹೋದ ವರ್ಷ ಹಿಮ ಕರಗಿದ ಮೇಲೆ ನೀವು ಹೇಳಿದ ಹಾಗೇ ಓರೆಯಾಗಿ ಕಡಿದ ಕಡ್ಡಿಗಳನ್ನು ನೋಡಿದ್ದೆ, ಆದರೆ ಸೊಂಟದೆತ್ತರದಲ್ಲಿದ್ದವು. ಮೊಲಕ್ಕೆ ಅಷ್ಟು ಎತ್ತರ ಎಟಕುತ್ತದಾ?

ಒಣಕಡ್ಡಿ:
ಹಿಮ ದಪ್ಪಗಿದ್ದಾಗ ಅದರ ಮೇಲೆ ನಿಂತು ತಿಂದಿರುತ್ತದೆ, ಅಲ್ವಾ?