ನೌನ್ ಫ್ರೇಜ್ ನಿಮಗೆ ಹೇಗೆ ತಿಳೀತು? ಅನುಭವ ಹೇಳಿ

ಕೇಳಿದವರು, ಹಾವೇರಿ ಕಡೆಯ ವಿದ್ಯಾರ್ಥಿನಿ

ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಈಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಪೇಪರ್‌ನಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲೇ ಅಂಕ ಜಾಸ್ತಿ ಹೋಗುತ್ತಿವೆ. 'ದಿ ಕ್ವಾಲಿಟಿ ಆಫ್ ದಿ ಚಿಲ್ಲೀಸ್ ಆರ್ ಗುಡ್' ಅನ್ನೋದು ತಪ್ಪಂತೆ. ಯಾಕೆ ಅಂತ ಕೇಳಿದರೆ 'ನೌನ್ ಫ್ರೇಜ್ ಓದಿಕೊಂಡು ಬಾ' ಅಂದರು. ಒಂದು ನಾಮಪದ, ಅದರ ಗುರುತು ಹೇಳೋ ಪದಗಳು ಎಲ್ಲ ಸೇರಿದ ಗುಂಪು ಅಂತ ವ್ಯಾಖ್ಯೆ ಬಾಯಿಪಾಠ ಆಗಿದೆ. ಆದರೆ ವಾಕ್ಯದೊಳಗೆ ಅದು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗಲ್ಲ.

ಧಾರವಾಡ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರು

ತಂಗಿ, ವ್ಯಾಖ್ಯೆ ಸದ್ಯಕ್ಕೆ ಪಕ್ಕಕ್ಕಿಡು. ಮೊದಲು ಕನ್ನಡದಲ್ಲೇ ನೋಡು. 'ಧಾರವಾಡದ ಪೇಡೆ ಅಂಗಡಿಯ ಮಾಲೀಕರ ಮಗ ಬಂದ.' ಬಂದದ್ದು ಯಾರು? ಮಗ. ಅಂಗಡಿ ಬರಲಿಲ್ಲ, ಮಾಲೀಕರೂ ಬರಲಿಲ್ಲ. ಆ 'ಮಗ' ಅನ್ನೋದೇ ಮುಖ್ಯ ನಾಮಪದ. ಇಂಗ್ಲಿಷ್‌ನಲ್ಲಿ ಹೆಡ್ ಅಂತಾರೆ. ಉಳಿದದ್ದೆಲ್ಲ ಯಾವ ಮಗ ಅಂತ ಗುರುತು ಹೇಳೋಕೆ ಬಂದ ಮಾತು. ಎಲ್ಲ ಸೇರಿ ಒಂದೇ ನೌನ್ ಫ್ರೇಜ್.

ಈಗ ಇದನ್ನೇ ಇಂಗ್ಲಿಷ್‌ನಲ್ಲಿ ಹೇಳು: 'ದಿ ಸನ್ ಆಫ್ ದಿ ಓನರ್ ಆಫ್ ದಿ ಪೇಡಾ ಶಾಪ್ ಇನ್ ಧಾರವಾಡ'. ಪೂರ್ತಿ ತಲೆಕೆಳಗಾಯ್ತು, ಅಲ್ವಾ? ನಮ್ಮಲ್ಲಿ ಮುಖ್ಯ ಪದ ಕೊನೆಗೆ ಬಂದು ಕ್ರಿಯಾಪದದ ಪಕ್ಕದಲ್ಲೇ ಕೂರುತ್ತದೆ. ಅವರಲ್ಲಿ ಅದು ಮೊದಲೇ ಬಂದುಬಿಡುತ್ತದೆ, ಗುರುತಿನ ಮಾತು ಆಮೇಲೆ ಸಾಲುಗಟ್ಟುತ್ತದೆ. ನಮ್ಮ ಕಿವಿಗೆ ಕ್ರಿಯಾಪದದ ಪಕ್ಕದವರೇ ಯಜಮಾನರು ಅಂತ ಅಭ್ಯಾಸ. ನಿನ್ನ ವಾಕ್ಯದಲ್ಲಿ 'ಚಿಲ್ಲೀಸ್' ಆ ಪಕ್ಕದ ಜಾಗದಲ್ಲಿದೆ, ಅದಕ್ಕೇ 'ಆರ್' ಸರಿ ಅನಿಸಿತು. ಆದರೆ ಗುಡ್ ಆಗಿರುವುದು ಕ್ವಾಲಿಟಿ. ಅದು ಒಂದೇ. 'ಇಸ್' ಬರಬೇಕು.

ಹಾಗಂತ ಎಲ್ಲವೂ ತಿರುಗಲ್ಲ. 'ಆ ಎರಡು ಕೆಂಪು ಸೀರೆ' ಅಂದರೆ 'ದೋಸ್ ಟೂ ರೆಡ್ ಸ್ಯಾರೀಸ್'. ಅದೇ ಸಾಲು, ಒಂದು ಪದವೂ ಕದಲಲಿಲ್ಲ. 'ಅವ್ವ ಕೊಟ್ಟ ಆ ಎರಡು ಕೆಂಪು ಸೀರೆ' ಅಂದಾಗ ಮಾತ್ರ 'ಅವ್ವ ಕೊಟ್ಟ' ಜಾಗ ಬಿಡುತ್ತದೆ: 'ದೋಸ್ ಟೂ ರೆಡ್ ಸ್ಯಾರೀಸ್ ದಟ್ ಮೈ ಮದರ್ ಗೇವ್ ಮಿ'. ನಾನು ಈ ಎರಡು ಸಾಲನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಮಕ್ಕಳ ಕೈಗೆ ಬಣ್ಣದ ಸೀಮೆಸುಣ್ಣ ಕೊಡುತ್ತೇನೆ. ಪದದಿಂದ ಪದಕ್ಕೆ ಗೆರೆ ಎಳೀಬೇಕು. ಮೂರು ಚಿಕ್ಕ ಪದಗಳ ಗೆರೆ ಅಕ್ಕಪಕ್ಕದಲ್ಲೇ ಇಳಿಯುತ್ತವೆ. 'ಅವ್ವ ಕೊಟ್ಟ' ಗೆರೆಯೊಂದೇ ಎಡತುದಿಯಿಂದ ಹೊರಟು ಎಲ್ಲವನ್ನೂ ದಾಟಿ ಬಲತುದಿಗೆ ಹೋಗುತ್ತದೆ. ನಿನ್ನ ನೋಟ್‌ಬುಕ್ಕಿನಲ್ಲಿ ಹತ್ತು ವಾಕ್ಯಕ್ಕೆ ಹೀಗೆ ಗೆರೆ ಎಳೆದು ನೋಡು.

ಗದಗ, ಬ್ಯಾಂಕ್ ನೌಕರ

ಎಲ್ಲಿ ಮುಗಿಯುತ್ತದೆ ಅನ್ನೋದಕ್ಕೆ ನನಗೆ ಕೈಹಿಡಿದದ್ದು 'ಇಟ್'. 'ದಿ ಓಲ್ಡ್ ಸ್ಟೋನ್ ಟೆಂಪಲ್ ನಿಯರ್ ದಿ ಸ್ಟೆಪ್‌ವೆಲ್ ಇನ್ ಲಕ್ಕುಂಡಿ ಲುಕ್ಸ್ ಬ್ಯೂಟಿಫುಲ್' ಅಂತಿಟ್ಟುಕೊಳ್ಳಿ. 'ಟೆಂಪಲ್' ತನಕ ತೆಗೆದು 'ಇಟ್' ಹಾಕಿದರೆ, 'ಇಟ್ ನಿಯರ್ ದಿ ಸ್ಟೆಪ್‌ವೆಲ್' ಅಂತ ಆಗಿ ಕೆಡುತ್ತದೆ. 'ಲಕ್ಕುಂಡಿ' ತನಕ ತೆಗೆದರೆ 'ಇಟ್ ಲುಕ್ಸ್ ಬ್ಯೂಟಿಫುಲ್'. ಸರಿಯಾಗಿ ಕೂತಿತು. ಅಲ್ಲಿಗೆ ಫ್ರೇಜ್ ಮುಗೀತು. ಬಹುವಚನವಾದರೆ 'ದೇ' ಅಥವಾ 'ದೆಮ್' ಹಾಕಿ.

ಹುಬ್ಬಳ್ಳಿಯಿಂದ

ಶುರು ಎಲ್ಲಿ ಅನ್ನೋದಕ್ಕೆ 'ಎ', 'ದಿ', 'ಮೈ', 'ದಿಸ್' ನೋಡಿ. ಇವು ಕಂಡಲ್ಲಿ ಒಂದು ನೌನ್ ಫ್ರೇಜ್ ಬಾಗಿಲು ತೆರೆಯಿತು ಅಂತಲೇ ಲೆಕ್ಕ. ಇವು ಇಲ್ಲದ ಫ್ರೇಜ್‌ಗಳೂ ಇರುತ್ತವೆ, ಆದರೆ ಕಣ್ಣು ಪಳಗೋಕೆ ಇದು ಸಾಕು. ನಾನು ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿಬರುವಾಗ ಒಂದು ನಾಮಪದ ಹಿಡಿದು ಬೆಳೆಸುತ್ತಿದ್ದೆ. ನಮ್ಮ ಸ್ಟೇಷನ್‌ನ 1,507 ಮೀಟರ್ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆ ಆದಾಗ ಅದನ್ನೇ ಹಿಡಿದೆ. 'ಎ ಪ್ಲಾಟ್‌ಫಾರ್ಮ್'. 'ಎ ರೈಲ್ವೆ ಪ್ಲಾಟ್‌ಫಾರ್ಮ್'. 'ಎ ಲಾಂಗ್ ರೈಲ್ವೆ ಪ್ಲಾಟ್‌ಫಾರ್ಮ್'. ಕೊನೆಗೆ 'ದಿ ಲಾಂಗೆಸ್ಟ್ ರೈಲ್ವೆ ಪ್ಲಾಟ್‌ಫಾರ್ಮ್ ಇನ್ ದಿ ವರ್ಲ್ಡ್'. 'ರೈಲ್ವೆ' ಕೂಡ ನಾಮಪದವೇ, ಆದರೆ ಇಲ್ಲಿ ಗುರುತು ಹೇಳೋ ಕೆಲಸ ಮಾಡುತ್ತಿದೆ. 'ಲಾಂಗೆಸ್ಟ್' ಬಂದ ಕೂಡಲೇ 'ಎ' ಹೋಗಿ 'ದಿ' ಬಂತು, ಅದನ್ನೂ ಗಮನಿಸಿ.

ಕೇಳಿದವರು

ಅಕ್ಕೋರೇ, ನಿನ್ನೆ ರಾತ್ರಿ ಗೆರೆ ಎಳೆದೆ. ಹತ್ತರಲ್ಲಿ ಒಂಬತ್ತು ಸರಿ ಬಂದವು. 'ಎ ನಂಬರ್ ಆಫ್ ಸ್ಟೂಡೆಂಟ್ಸ್' ಒಂದು ಸಿಕ್ಕಿಬಿತ್ತು. 'ನಂಬರ್' ಮುಖ್ಯ ಪದ ಅಂತ 'ಇಸ್' ಹಾಕಿದ್ದೆ, ಉತ್ತರದಲ್ಲಿ 'ಆರ್' ಇದೆ.

ಧಾರವಾಡದ ಅಕ್ಕೋರು

ಅಲ್ಲಿ 'ಎ ನಂಬರ್ ಆಫ್' ಅಂದರೆ 'ಎಷ್ಟೋ' ಅಂತ. ಎಷ್ಟೋ ವಿದ್ಯಾರ್ಥಿಗಳು, ಹಾಗಾಗಿ 'ಆರ್'. 'ದಿ ನಂಬರ್ ಆಫ್ ಸ್ಟೂಡೆಂಟ್ಸ್' ಅಂದರೆ ವಿದ್ಯಾರ್ಥಿಗಳ ಸಂಖ್ಯೆ. ಅಲ್ಲಿ ನೀನು ಹಾಕಿದ 'ಇಸ್' ಸರಿ. ಇವೆರಡನ್ನೂ ಒಂದೇ ಪುಟದಲ್ಲಿ ಬರೆದುಕೋ, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕೇಳುತ್ತಾರೆ.