ಶುಂಠಿ ಒಣಗಿಸಿದ್ರೆ ನಡುವೆ ಮುಗ್ಗಲು ಹಿಡೀತಿದೆ, ತಪ್ಪು ಎಲ್ಲಿ?

ಹೊಸಗದ್ದೆ:
ಹಸಿಶುಂಠಿ ರೇಟು ಬಿದ್ದಿದೆ. 60 ಕೆಜಿಯ ಐದು ಚೀಲ ಒಣಗಿಸೋಣ ಅಂತ. ತಳಿ ರಿಗೋಡಿ. ಮಾದರಿಗೆ 10 ಕೆಜಿ ಸಿಪ್ಪೆ ಸಮೇತ ಟಾರ್ಪಲ್ ಮೇಲೆ ಆರು ದಿನ ಹರಡಿದ್ದು, ಮೇಲೆ ಸುಕ್ಕುಗಟ್ಟಿ ಗಟ್ಟಿಯಾಗಿದೆ. ಮುರಿದರೆ ನಡುವೆ ಕಂದು, ಮುಗ್ಗಲು ವಾಸನೆ. ಸಿಪ್ಪೆ ಪೂರ್ತಿ ತೆಗೀಬೇಕಾ? ಸುಣ್ಣ ಹಾಕ್ಬೇಕಾ? 300 ಕೆಜಿಗೆ ಕೈಗೆ ಎಷ್ಟು ಸಿಗುತ್ತೆ?

ಬಿದಿರುದಬ್ಬೆ:
ಸಿಪ್ಪೆಯದ್ದೇ ತಪ್ಪು. ಅದು ಒಳಗಿನ ನೀರನ್ನು ಹೊರಗೆ ಬಿಡಲ್ಲ. ರಿಗೋಡಿಯ ದಪ್ಪ ಗೆಡ್ಡೆಯಲ್ಲಂತೂ ಒಳಗೆ ಬೇಯೋ ಹಾಗೆ ಕೂತಿರುತ್ತೆ.

ಮೊದಲು ಬಲಿತಿದೆಯಾ ನೋಡಿ. ಹಸಿ ಮಾರೋಕೆ ಆರು ತಿಂಗಳು ಸಾಕು, ಒಣಗಿಸೋಕೆ ಎಂಟು ತಿಂಗಳಾಗಿ ಎಲೆ ಪೂರ್ತಿ ಹಳದಿಯಾಗಿ ಒಣಗಿರಬೇಕು. ಎಳೆಯದು ಒಣಗಿದರೆ ಕಡ್ಡಿ, ತೂಕವೇ ಇರಲ್ಲ. ಕಿತ್ತ ಮೇಲೆ ಬೇರು ಬಿಡಿಸಿ, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಉಜ್ಜಿ ತೊಳೀರಿ. ಸಿಪ್ಪೆ ಕೆರೆಯೋಕೆ ಚೂಪು ಮಾಡಿದ ಬಿದಿರಿನ ಸೀಳು ಬಳಸಿ. ಕಬ್ಬಿಣದ ಚಾಕು ತಾಗಿದ ಕಡೆ ಕಪ್ಪು ಕಲೆ ಉಳಿಯುತ್ತೆ. ಎಣ್ಣೆಯ ಕೋಶಗಳು ಸಿಪ್ಪೆಯ ಕೆಳಗೇ ಇರೋದು. ಆಳಕ್ಕೆ ಕೆರೆದ್ರೆ ಘಮ ಅಲ್ಲೇ ಹೋಯ್ತು. ಚಪ್ಪಟೆ ಬದಿಗಳದ್ದು ತೆಗೆದ್ರೆ ಸಾಕು, ಬೆರಳುಗಳ ಸಂದಿಯದ್ದು ಇರಲಿ.

ಇನ್ನೊಮ್ಮೆ ತೊಳೆದು ಒಂದೇ ಪದರದಲ್ಲಿ ಹರಡಿ, ದಿನಾ ಮಗುಚಿ. 7ರಿಂದ 10 ದಿನ. ಸಂಜೆ ಗುಡ್ಡೆ ಮಾಡಿ ಮುಚ್ಚಿಡಿ. ಜನವರಿಯ ಇಬ್ಬನಿ ಒಂದು ರಾತ್ರಿ ಬಿದ್ರೆ ಮೂರು ದಿನದ ಬಿಸಿಲು ದಂಡ. ಡ್ರೈಯರ್ ಇದ್ರೆ 60 ಡಿಗ್ರಿ ದಾಟಿಸಬೇಡಿ, ಮೇಲ್ಪದರ ಗಟ್ಟಿಯಾಗಿ ನೀರು ಒಳಗೇ ಸಿಕ್ಕಿಕೊಳ್ಳುತ್ತೆ. ಪರೀಕ್ಷೆಗೆ ಅತಿ ದಪ್ಪ ಗಂಟನ್ನೇ ಆರಿಸಿ. ಟಕ್ ಅಂತ ಮುರಿದು ಒಳಗೆ ಹಿಟ್ಟುಹಿಟ್ಟಾಗಿ ತಿಳಿ ಬಣ್ಣ ಕಂಡರೆ ಆಯ್ತು. ಬಗ್ಗಿದ್ರೆ, ಮೇಣದ ಥರ ಮಿಂಚಿದ್ರೆ ಇನ್ನೆರಡು ಬಿಸಿಲು.

300 ಕೆಜಿಗೆ 55 ಕೆಜಿ ಲೆಕ್ಕ ಇಟ್ಕೊಳ್ಳಿ. ಕೂಲಿ ಕಳೆದ ಮೇಲೆ ಒಂದು ಕೆಜಿ ಒಣಶುಂಠಿಯ ಬೆಲೆ ಐದೂವರೆ ಕೆಜಿ ಹಸಿಯ ಬೆಲೆ ದಾಟದಿದ್ರೆ ಈ ಗೋಜೇ ಬೇಡ.

ತಕ್ಕಡಿ:
ಶುಂಠಿ ಕೊಳ್ಳೋರು ಕೇಳಿದ್ರೆ ಮಾತ್ರ ಸುಣ್ಣ. 120 ಲೀಟರ್ ನೀರಿಗೆ 1 ಕೆಜಿ ಅರಳಿದ ಸುಣ್ಣ, ಕೆರೆದ ಶುಂಠಿಯನ್ನ ಆರು ಗಂಟೆ ಮುಳುಗಿಸಿ ಒಣಗಿಸೋದು. ಬೆಳ್ಳಗೆ ಕಾಣುತ್ತೆ, ಹುಳ ಸ್ವಲ್ಪ ದೂರ. ಕೊಚ್ಚಿನ್ ಶುಂಠಿ ಅಂತ ಹೆಸರು ಮಾಡಿದ್ದು ಮಾತ್ರ ಸುಣ್ಣ ಕಾಣದ, ಅರೆಬರೆ ಕೆರೆದ ಮಾಲೇ. ಅಂಗಡಿಯ ಶುಂಠಿ ತೀರಾ ಬೆಳ್ಳಗಿದ್ರೆ ಮೇಲೆ ನಿಂಬೆರಸ ಬಿಡಿ, ನೊರೆ ಬಂದ್ರೆ ಸುಣ್ಣ ಹಚ್ಚಿದ್ದು.

ದಾಸ್ತಾನಿಗೆ ತೇವ ಶೇ 10ರ ಆಸುಪಾಸು ಇರಲಿ. ಹೆಚ್ಚಿದ್ರೆ ಬೂಷ್ಟು, ಆಮೇಲೆ ಸಿಗರೇಟ್ ಜೀರುಂಡೆ. ಸೂಜಿ ಚುಚ್ಚಿದಂಥ ತೂತು, ಚೀಲದ ತಳದಲ್ಲಿ ಹಿಟ್ಟು ಕಂಡರೆ ಅದೇ. ಚೀಲ ಹಲಗೆ ಮೇಲಿಡಿ, ಗೋಡೆಗೆ ತಾಗಿಸಬೇಡಿ.

ಒರಳುಕಲ್ಲು:
ಮನೆಬಳಕೆಗೆ ಸುಣ್ಣ ಬೇಡವೇ ಬೇಡ. ಹಸಿಶುಂಠಿಗೆ ಖಾರ ಕೊಡೋದು ಜಿಂಜರಾಲ್ ಅನ್ನೋ ಅಂಶ. ಒಣಗುವಾಗ ಅದರಲ್ಲಿ ಒಂದಿಷ್ಟು ಶೋಗಾಲ್ ಅನ್ನೋ ಬೇರೆ ಅಂಶವಾಗುತ್ತೆ, ಶೋಗಾಲ್‌ನ ಖಾರ ಇನ್ನೂ ಚುರುಕು. ಆದ್ದರಿಂದ ಹಸಿಯಷ್ಟೇ ಅಳತೆ ಹಾಕಬೇಡಿ. ಪಾನಕಕ್ಕೆ ಲೀಟರ್ ನೀರು, 150 ಗ್ರಾಂ ಬೆಲ್ಲಕ್ಕೆ ಅರ್ಧ ಚಮಚ ಪುಡಿ ಸಾಕು, ಜೊತೆಗೆ ಏಲಕ್ಕಿ, ಚಿಟಿಕೆ ಮೆಣಸು. ತ್ರಿಕಟುವಿಗೆ ಶುಂಠಿ, ಕರಿಮೆಣಸು, ಹಿಪ್ಪಲಿ ಸಮತೂಕ. ಹಾಲಿಗೆ ಹಾಕೋದಾದ್ರೆ ಒಣದ್ದೇ ವಾಸಿ, ಹಸಿಶುಂಠಿ ಹಾಲು ಒಡೆಸುತ್ತೆ.

ಇಡೀ ತುಂಡನ್ನ ಮಿಕ್ಸಿಗೆ ಹಾಕಿದ್ರೆ ಬ್ಲೇಡು ಹೋಗುತ್ತೆ. ಕುಟ್ಟಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಪುಡಿ ಮಾಡಿ ಜರಡಿ ಹಿಡೀರಿ. ಮೇಲೆ ಉಳಿದ ನಾರು ಕಷಾಯಕ್ಕಾಗುತ್ತೆ.

ಹೊಸಗದ್ದೆ:
ಹಾಗಾದ್ರೆ ಆ 10 ಕೆಜಿಯನ್ನ ಮತ್ತೆ ಬಿಸಿಲಿಗೆ ಹಾಕಿ ಪುಡಿ ಮಾಡ್ಬಹುದಾ?

ಬಿದಿರುದಬ್ಬೆ:
ಬೇಡ. ಬೂಷ್ಟಿನ ವಿಷ ಬಿಸಿಲಿಗೆ ಹೋಗಲ್ಲ, ಪುಡಿ ಮಾಡಿದ್ರೆ ಕಣ್ಣಿಗೆ ಕಾಣಲ್ಲ ಅಷ್ಟೇ. ಗೊಬ್ಬರದ ಗುಂಡಿಗೆ ಹಾಕಿ. ಆ ಗೊಬ್ಬರ ತೆಂಗಿಗೆ ಹೋಗಲಿ, ಶುಂಠಿ ಮಡಿಗೆ ಬೇಡ. ಕೊಳೆರೋಗದ ಗೆಡ್ಡೆ ಒಂದು ಅದರಲ್ಲಿದ್ರೂ ಮುಂದಿನ ವರ್ಷದ ಬೆಳೆಗೆ ಬರುತ್ತೆ.