ಬೌದ್ಧ ಮಠಗಳ ಅಡುಗೆ: ಹೋಗಿ ಬಂದವರು, ಮಾಡಿ ನೋಡಿದವರು ಹೇಳಿ

ಮೈಸೂರಿನಿಂದ ಕೇಳಿದ್ದು

ಮಗಳು ಜಪಾನಿನ ಒಸಾಕಾದಲ್ಲಿ ಓದುತ್ತಿದ್ದಾಳೆ. ಅಕ್ಟೋಬರ್‌ನಲ್ಲಿ ಅವಳ ಹತ್ತಿರ ಹೋಗುವವಳಿದ್ದೇನೆ. ನಾನು ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಅಲ್ಲಿನ ಮಠಗಳ ಅಡುಗೆಗೆ ಶೋಜಿನ್ ರ್‍ಯೋರಿ ಅನ್ನುತ್ತಾರಂತೆ. ಅದರ ಬಗ್ಗೆ ಓದಿದಂದಿನಿಂದ, ಅಡುಗೆಯನ್ನೇ ಸಾಧನೆ ಮಾಡಿಕೊಂಡವರನ್ನು ಹತ್ತಿರದಿಂದ ನೋಡಬೇಕು ಅನ್ನಿಸಿಬಿಟ್ಟಿದೆ. ಎಲ್ಲಿ ತಂಗಲಿ? ಅಲ್ಲಿಯ ಊಟ ನನಗೆ ನಡೆಯುತ್ತದೆಯೇ? ತಿರುಗಿ ಬಂದ ಮೇಲೆ ನಮ್ಮ ಮನೆಯ ಒಲೆಯ ಮುಂದೆ ಏನನ್ನು ಮುಂದುವರಿಸಬಹುದು? ತಿಳಿದವರು ದಯವಿಟ್ಟು ಹೇಳಿ.

ಕೋಬೆಯಿಂದ

ಮೇಡಂ, ನಿಮಗೆ ಅನುಕೂಲವಾದ ಜಾಗ ಕೋಯಾಸಾನ್. ಒಸಾಕಾದ ನಂಬಾದಲ್ಲಿ ನಾಂಕಾಯ್ ರೈಲು ಹತ್ತಿ ಗೋಕುರಾಕುಬಾಶಿಯಲ್ಲಿ ಇಳಿಯಿರಿ. ಅಲ್ಲಿಂದ ಕೇಬಲ್ ಕಾರಿನಲ್ಲಿ ಬೆಟ್ಟ ಏರಿ, ಆಮೇಲೆ ಬಸ್ಸು. 816ರಲ್ಲಿ ಕೂಕಾಯ್ ಎಂಬ ಸನ್ಯಾಸಿಗೆ ಅರಸನಿಂದ ಸಿಕ್ಕ ಬೆಟ್ಟ ಅದು, ಶಿಂಗೋನ್ ಎಂಬ ಬೌದ್ಧ ಪಂಥದ ಮೂಲನೆಲೆ. ಈಗ ಸುಮಾರು 50 ಮಠಗಳಲ್ಲಿ ಯಾತ್ರಿಕರು ತಂಗಬಹುದು. ಸಮುದ್ರಮಟ್ಟದಿಂದ 800 ಮೀಟರ್ ಎತ್ತರ, ಅಕ್ಟೋಬರ್‌ನಲ್ಲೇ ಸಂಜೆ ಚಳಿ ಹಿಡಿಯುತ್ತದೆ, ಸ್ವೆಟರ್ ಇರಲಿ. ಎಲೆ ಕೆಂಪಾಗುವ ಕಾಲ ಅದಾದ್ದರಿಂದ ಕೋಣೆಯನ್ನು ಆದಷ್ಟು ಬೇಗ ಕಾದಿರಿಸಿ.

ಊಟದ ವಿಷಯ. ಜಪಾನಿನ ಹೋಟೆಲುಗಳಲ್ಲಿ ಬರೀ ತರಕಾರಿ ಕಂಡರೂ ಅದು ಬೆಂದ ಸಾರಿನಲ್ಲಿ ಒಣಮೀನಿನ ಚೂರು ಇರುತ್ತದೆ. ಮಠದ ಸಾರು ಹಾಗಲ್ಲ, ಕೊಂಬು ಎಂಬ ಸಮುದ್ರದ ಸೊಪ್ಪು ಮತ್ತು ಒಣಗಿಸಿದ ಶಿಟಾಕೆ ಅಣಬೆಯದು. ಆದರೂ ಕಾದಿರಿಸುವಾಗಲೇ “ಮೀನಿನ ಸಾರೂ ಬೇಡ, ಮೊಟ್ಟೆಯೂ ಬೇಡ” ಎಂದು ಮಗಳಿಂದ ಜಪಾನಿಯಲ್ಲಿ ಬರೆಸಿ. ಸಂಜೆ ಐದೂವರೆ, ಆರಕ್ಕೆಲ್ಲ ಊಟ ಬಡಿಸುತ್ತಾರೆ. ಸಣ್ಣ ಸಣ್ಣ ಬಟ್ಟಲುಗಳಲ್ಲಿ ಬರುವ ಪದಾರ್ಥಗಳಲ್ಲಿ ಗೋಮಾ ದೋಫುವನ್ನು ನಿಧಾನವಾಗಿ ತಿನ್ನಿ. ಹೆಸರು ದೋಫು, ಅಂದರೆ ಸೋಯಾ ಹಾಲಿನಿಂದ ಮಾಡುವ ತೋಫು, ಆದರೆ ಅದರಲ್ಲಿ ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಕುಜು ಬಳ್ಳಿಯ ಬೇರಿನ ಹಿಟ್ಟು ಬೆರೆಸಿ, ಕೈಬಿಡದೆ ತಿರುವಿ ತಿರುವಿ ಗಟ್ಟಿ ಮಾಡಿದ್ದು. ತಿರುವುವ ಕೈ ನಿಂತರೆ ತಳ ಹಿಡಿಯುತ್ತದೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ನೀವು ಅತಿಥಿ. ಉಣ್ಣಲು ಸಿಗುತ್ತದೆ, ಬೆಳಗಿನ ಪ್ರಾರ್ಥನೆಯಲ್ಲಿ ಕೂರಲು ಸಿಗುತ್ತದೆ. ಅಡುಗೆಮನೆಯೊಳಗೆ ಹೋಗಲು ಸಾಮಾನ್ಯವಾಗಿ ಸಿಗುವುದಿಲ್ಲ.

ಬೆಂಗಳೂರಿನಿಂದ

ಅಡುಗೆ ಸಾಧನೆ ಹೇಗಾಗುತ್ತದೆ ಎಂಬುದಕ್ಕೆ ಈ ಪರಂಪರೆಯಲ್ಲೇ ಒಂದು ಪ್ರಸಂಗವಿದೆ. ಧ್ಯಾನಕ್ಕೆ ಒತ್ತು ಕೊಡುವ ಝೆನ್ ಬೌದ್ಧ ಪಂಥದ ಕಡೆಗೆ ನನ್ನನ್ನು ಎಳೆದದ್ದೇ ಅದು.

1223ರಲ್ಲಿ ದೋಗೆನ್ ಎಂಬ ತರುಣ ಸನ್ಯಾಸಿ ಧರ್ಮ ಕಲಿಯಲು ಜಪಾನಿನಿಂದ ಚೀನಾಕ್ಕೆ ಹೋದ. ಹಡಗು ಇನ್ನೂ ಬಂದರಿನಲ್ಲೇ ನಿಂತಿತ್ತು. ಅರವತ್ತು ದಾಟಿದ ಮುದುಕ ಸನ್ಯಾಸಿಯೊಬ್ಬ ಅಣಬೆ ಕೊಳ್ಳಲು ಹಡಗಿಗೆ ಬಂದ. ನಮ್ಮ ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಬೆಟ್ಟದ ಮಠವೊಂದರಲ್ಲಿ ಅವನು ತೆಂಜೊ, ಅಂದರೆ ಅಡುಗೆಯ ಹೊಣೆ ಹೊತ್ತವನು. ಮರುದಿನದ ಹಬ್ಬದೂಟಕ್ಕಾಗಿ ಅಷ್ಟು ದೂರ ನಡೆದು ಬಂದಿದ್ದ. ಇವತ್ತು ಇಲ್ಲೇ ಉಳಿಯಿರಿ, ಮಾತಾಡೋಣ ಎಂದು ದೋಗೆನ್ ಕೇಳಿಕೊಂಡ. ನಾನಿಲ್ಲದಿದ್ದರೆ ನಾಳೆಯ ಅಡುಗೆ ಸರಿಯಾಗುವುದಿಲ್ಲ ಎಂದು ಮುದುಕ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನ ಬಿಟ್ಟು ಅಡುಗೆಯ ಗೊಡವೆ ಯಾಕೆ ಎಂದು ದೋಗೆನ್ ಕೇಳಿದಾಗ ಮುದುಕ ಜೋರಾಗಿ ನಕ್ಕ. ಸಾಧನೆ ಎಂದರೇನೆಂದು ನಿನಗಿನ್ನೂ ತಿಳಿದಿಲ್ಲ ಎಂದು ಹೇಳಿ, ಕತ್ತಲಾಗುವ ಮೊದಲು ಹೊರಟೇಹೋದ.

ಇದನ್ನು ಬರೆದಿಟ್ಟವನು ದೋಗೆನ್ನೇ, 1237ರಲ್ಲಿ, ಮಠದ ಅಡುಗೆಯವರಿಗಾಗಿ ಬರೆದ ‘ತೆಂಜೊ ಕ್ಯೋಕುನ್’ನಲ್ಲಿ. ಅದರಲ್ಲಿ ಅಡುಗೆಯ ವಿಧಾನ ಹುಡುಕಬೇಡಿ. ಅಕ್ಕಿ ತೊಳೆಯುವಾಗ ಕಲ್ಲುಮರಳನ್ನೂ ನೋಡು, ಅಕ್ಕಿಯನ್ನೂ ನೋಡು, ಒಂದು ಕಾಳೂ ಪೋಲಾಗದಿರಲಿ. ಎತ್ತರದಲ್ಲಿ ಇರಬೇಕಾದ ಪಾತ್ರೆ ಎತ್ತರದಲ್ಲಿರಲಿ, ಕೆಳಗಿರಬೇಕಾದದ್ದು ಕೆಳಗೆ. ಸಿಕ್ಕಿದ್ದು ಬರೀ ಕಾಡುಸೊಪ್ಪಾದರೆ ಮನಸ್ಸು ಕುಗ್ಗಬಾರದು, ಉತ್ತಮ ಸಾಮಗ್ರಿ ಬಂತೆಂದು ಉಬ್ಬಲೂಬಾರದು. ಹೀಗೆ ಸಾಗುತ್ತದೆ. ಕೊನೆಯಲ್ಲಿ ಅಡುಗೆಯವನಿಗೆ ಬೇಕಾದ ಮೂರು ಮನಸ್ಸುಗಳನ್ನು ಹೇಳುತ್ತಾನೆ: ಸಂತೋಷದ ಮನಸ್ಸು, ಹೆತ್ತವರ ಮನಸ್ಸು, ಬೆಟ್ಟದಂತೆ ಅಲುಗದ ದೊಡ್ಡ ಮನಸ್ಸು.

ನಾನು ಮನೆಯಲ್ಲಿ ಮಾಡುವುದು ಇಷ್ಟು: ಅಡುಗೆ ಮುಗಿಯುವವರೆಗೆ ಫೋನು ಇನ್ನೊಂದು ಕೋಣೆಯಲ್ಲಿ. ಅಕ್ಕಿ ತೊಳೆಯುವಾಗ ಬರೀ ಅಕ್ಕಿ ತೊಳೆಯುವುದು. ಸಾರು ಕುದಿಯುವ ಹೊತ್ತಿಗೆ ಬಳಸಿದ ಪಾತ್ರೆ ತೊಳೆದು ಅದರ ಜಾಗಕ್ಕೆ ಸೇರಿಸುವುದು. ಊಟಕ್ಕೆ ಮೊದಲು ಝೆನ್ ಮಠಗಳಲ್ಲಿ ಐದು ಚಿಂತನೆಗಳನ್ನು ಹೇಳುತ್ತಾರೆ. ಈ ಅನ್ನದ ಹಿಂದೆ ಎಷ್ಟು ಜನರ ದುಡಿಮೆಯಿದೆ? ಇದನ್ನು ಉಣ್ಣಲು ನನ್ನ ನಡತೆ ತಕ್ಕದ್ದೇ? ಮನಸ್ಸು ಆಸೆಗೆ ಬೀಳದಿರಲಿ. ಇದು ದೇಹ ಉಳಿಸುವ ಔಷಧ. ದಾರಿ ಮುಟ್ಟುವುದಕ್ಕಾಗಿ ಉಣ್ಣುತ್ತೇನೆ. ಇವನ್ನು ಕನ್ನಡದಲ್ಲೇ ಬರೆದುಕೊಂಡು ತಟ್ಟೆಯ ಮುಂದೆ ಹೇಳಿಕೊಳ್ಳುತ್ತೇನೆ. ಎರಡನೆಯದು ಇವತ್ತಿಗೂ ತುತ್ತು ತಡೆಯುತ್ತದೆ.

ಸೋಲ್‌ನಿಂದ

ನಾನು ಕೆಲಸಕ್ಕೆಂದು ಕೊರಿಯಾಕ್ಕೆ ಬಂದವನು. ಅಡುಗೆಯನ್ನೇ ನೋಡಬೇಕು, ಕೈಹಾಕಬೇಕು ಎಂದಿದ್ದರೆ ಒಸಾಕಾದಿಂದ ಇಲ್ಲಿಗೂ ಒಮ್ಮೆ ಬನ್ನಿ, ವಿಮಾನದಲ್ಲಿ ಎರಡು ಗಂಟೆಯ ದಾರಿ. 2002ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ವಿದೇಶಿಯರಿಗಾಗಿ ಶುರುವಾದ ಟೆಂಪಲ್‌ಸ್ಟೇ, ಅಂದರೆ ಮಠದಲ್ಲಿ ತಂಗುವ ಏರ್ಪಾಡು, ಈಗ ದೇಶದ ತುಂಬ ಇದೆ. ಕೆಲವು ಮಠಗಳಲ್ಲಿ ಅಡುಗೆಯನ್ನು ಕಲಿಸುತ್ತಾರೆ. ಸೋಲ್ ಅಂಚಿನ ಜಿನ್‌ಗ್ವಾನ್‌ಸಾ ಭಿಕ್ಷುಣಿಯರ ಮಠ, ಅಡುಗೆಗೇ ಹೆಸರಾದದ್ದು. ದಕ್ಷಿಣದ ಬೆಗ್ಯಾಂಗ್‌ಸಾ ಮಠದ ಕುಟೀರದಲ್ಲಿ ಅಡುಗೆ ಮಾಡುವ ಭಿಕ್ಷುಣಿ ಜೋಂಗ್ ಕ್ವಾನ್ ಅವರ ಹೆಸರು ಈಗ ಲೋಕಕ್ಕೇ ಗೊತ್ತು. ಮಠದಡುಗೆಯನ್ನು ಕೊರಿಯಾ ಸರ್ಕಾರ 2025ರಲ್ಲಿ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಐದು ಘಾಟಿನ ಪದಾರ್ಥ ನಿಷಿದ್ಧ. ಬೆಳ್ಳುಳ್ಳಿ, ಈರುಳ್ಳಿ ಜಾತಿಯವೆಲ್ಲ ಬಿಡಿ, ಐದನೆಯದು ಇಂಗು! ನಮ್ಮಲ್ಲಿ ಈರುಳ್ಳಿ ಬಿಟ್ಟ ಮನೆಗಳಿಗೆ ಇಂಗಿನ ಒಗ್ಗರಣೆಯೇ ಆಧಾರ. ಇಲ್ಲಿ ಆ ರುಚಿಯನ್ನು ವರ್ಷಗಟ್ಟಲೆ ಹುದುಗಿದ ಸೋಯಾ ಸಾಸ್, ದ್ವೆಂಜಾಂಗ್ ಎಂಬ ಹುದುಗಿಸಿದ ಸೋಯಾ ಮುದ್ದೆ, ಅಣಬೆ ಪುಡಿಗಳಿಂದ ತರುತ್ತಾರೆ. ಕಿಮ್ಚಿ ಎಂಬ ಹುದುಗಿಸಿದ ತರಕಾರಿಗೂ ಬೆಳ್ಳುಳ್ಳಿ, ಉಪ್ಪು ಹಾಕಿ ಹುದುಗಿಸಿದ ಮೀನು ಹಾಕುವುದಿಲ್ಲ.

ಸಾಧ್ಯವಾದರೆ ಬಾರು ಗೋಂಗ್ಯಾಂಗ್ ಎಂಬ ಮಠದ ಪಂಕ್ತಿಯೂಟದಲ್ಲಿ ಕುಳಿತುಕೊಳ್ಳಿ. ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲು. ಬೇಕಾದಷ್ಟೇ ಬಡಿಸಿಕೊಂಡು ಮೌನವಾಗಿ ಉಣ್ಣಬೇಕು. ಉಳಿಸಿಕೊಂಡ ಒಂದು ಚೂರು ಕಿಮ್ಚಿಯಿಂದ ಬಟ್ಟಲು ಉಜ್ಜಿ, ಆ ಚೂರು ತಿಂದು, ತೊಳೆದ ನೀರನ್ನೂ ಕುಡಿಯಬೇಕು. ಎಲ್ಲ ಮಠಗಳಲ್ಲೂ ಅತಿಥಿಗಳಿಗೆ ಇದು ಇರುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಧಾರವಾಡದಿಂದ

ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದು ಮಾತು ಹೇಳಬೇಕು. ಅಡಗಿ ಅಂದ್ರ ತಪಸ್ಸು ಅಂತ ನಮ್ಮ ಮನಿಯೊಳಗ ಹೆಣ್ಮಕ್ಕಳಿಗೆ ಹೇಳಿದ್ರ ನನಗ ಹೊಟ್ಟ್ಯಾಗ ಸಂಕಟ ಆಗ್ತದ. ಮಠದಾಗ ತೆಂಜೊ ಅಂದ್ರ ಆರು ಮಂದಿ ಮುಖ್ಯ ಅಧಿಕಾರಿಗಳೊಳಗ ಒಬ್ಬ. ಅನುಭವ ಇದ್ದ ಹಿರಿಯರಿಗೇ ಆ ಪಟ್ಟ ಕೊಡಬೇಕು ಅಂತ ದೋಗೆನ್ ಬರೀತಾನ. ಅಡಗಿ ಕಳಸೂ ಮುಂದ ತೆಂಜೊ ಊದಿನಕಡ್ಡಿ ಹಚ್ಚಿ, ಉಣ್ಣೋರಿದ್ದ ದಿಕ್ಕಿಗೆ ಒಂಬತ್ತು ಸಲ ನಮಸ್ಕಾರ ಮಾಡ್ತಾನ. ಉಣ್ಣೋರು ಬಡಿಸೋರಿಗೆ ಕೈ ಮುಗೀತಾರ. ತಮ್ಮ ತಮ್ಮ ಬಟ್ಟಲಾ ತಾವೇ ತೊಳೀತಾರ. ನಮ್ಮಲ್ಲಿ? ಮಾಡಾಕಿ ಒಬ್ಬಾಕಿ, ಕಡೀಕ ಉಣ್ಣಾಕಿನೂ ಆಕಿನ.

ಅದಕ್ಕ ನೀವು ತಿರುಗಿ ಬಂದಮ್ಯಾಲೆ ಮೌನ ಅಷ್ಟ ತರಬ್ಯಾಡ್ರಿ. ತಮ್ಮ ತಾಟು ತಾವು ತೊಳೆಯೋದು, ಅಡಗಿ ಪಾಳಿ ಹಂಚಿಕೊಳ್ಳೋದು, ಅವನ್ನೂ ತರ್ರಿ. ನಮ್ಮ ಮನಿಯೊಳಗ ಮಕ್ಕಳು, ಯಜಮಾನ್ರು ಎಲ್ಲಾರೂ ತಾಟು ತೊಳೀತಾರ. ಆವಾಗಿಂದ ಅನ್ನ ಚೆಲ್ಲೋದು ತಾನ ನಿಂತದ.

ತುಮಕೂರಿನಿಂದ

ಬೈಲುಕುಪ್ಪೆ ನಿಮಗೆ ಹತ್ತಿರ, ಖಂಡಿತ ಹೋಗಿಬನ್ನಿ. ಆದರೆ ಅದು ಟಿಬೆಟ್ಟಿನ ಪರಂಪರೆ, ತರಕಾರಿ ಬೆಳೆಯದ ಚಳಿನಾಡಿನ ಊಟ. ಶೋಜಿನ್ ಅಡುಗೆಯ ನಿಯಮಗಳನ್ನು ಅಲ್ಲಿ ಹುಡುಕಬೇಡಿ.

ಅಡುಗೆಮನೆಯಲ್ಲೇ ಕೆಲಸ ಮಾಡಬೇಕಿದ್ದರೆ ಬೆಂಗಳೂರಿನ ಧಮ್ಮ ಪಫುಲ್ಲ ವಿಪಶ್ಯನಾ ಧ್ಯಾನ ಕೇಂದ್ರ ಇದೆ. ಮೊದಲು 10 ದಿನದ ಶಿಬಿರ ಪೂರ್ತಿ ಕುಳಿತಿರಬೇಕು, ಆಮೇಲೆ ಮುಂದಿನ ಶಿಬಿರಗಳಲ್ಲಿ ಸೇವೆಗೆ ಹೆಸರು ಕೊಡಬಹುದು. ಬೆಳಿಗ್ಗೆ 11ಕ್ಕೆ ಮಧ್ಯಾಹ್ನದೂಟ. ಸಂಜೆ 5ಕ್ಕೆ ಹೊಸಬರಿಗೆ ಚಹಾ, ಹಣ್ಣು. ಹಳಬರು ಮಧ್ಯಾಹ್ನದ ಮೇಲೆ ಆಹಾರ ಮುಟ್ಟುವುದಿಲ್ಲ. ಸೇವೆ ಮಾಡುವವರೂ ದಿನಕ್ಕೆ ಮೂರು ಸಲ ಎಲ್ಲರ ಜೊತೆ ಧ್ಯಾನಕ್ಕೆ ಕೂರುತ್ತಾರೆ. ಧ್ಯಾನದಿಂದ ಎದ್ದು ನೇರವಾಗಿ ತರಕಾರಿ ಹೆಚ್ಚಲು ಹೋದಾಗ ಕೈಯ ವೇಗ ತಾನಾಗಿ ಇಳಿದದ್ದು ನನಗೆ ಗೊತ್ತಾಯಿತು.

ಮೈಸೂರಿನಿಂದ, ಮತ್ತೆ

ಎಲ್ಲರಿಗೂ ನಮಸ್ಕಾರ. ಕೋಯಾಸಾನ್ ನಿಶ್ಚಯ ಮಾಡಿದೆ, ಕೊರಿಯಾ ಬಗ್ಗೆ ಮಗಳ ಜೊತೆ ಮಾತಾಡುತ್ತೇನೆ. ಧಾರವಾಡದವರ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಕೋಬೆಯವರು ಇನ್ನೊಂದು ಹೇಳಬೇಕು: ಕೊಂಬು ಸಾರು ಇಲ್ಲೇ ಮಾಡುವುದು ಹೇಗೆ?

ಕೋಬೆಯಿಂದ

ಬರುವಾಗ ಒಂದು ಪೊಟ್ಟಣ ಕೊಂಬು, ಒಂದು ಪೊಟ್ಟಣ ಒಣ ಶಿಟಾಕೆ ತನ್ನಿ, ಒಣಗಿದ್ದಾದ್ದರಿಂದ ಬಹಳ ಕಾಲ ಕೆಡುವುದಿಲ್ಲ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಎರಡು ಮೂರು ಅಣಬೆ. ಕೊಂಬಿನ ಮೇಲಿನ ಬಿಳಿ ಪುಡಿಯಲ್ಲೇ ರುಚಿ ಇರುವುದು, ಅದನ್ನು ತೊಳೆಯಬೇಡಿ. ರಾತ್ರಿಯಿಡೀ ನೆನೆಯಲಿ, ಮೈಸೂರಿನ ಬೇಸಿಗೆಯಾದರೆ ಫ್ರಿಜ್‌ನಲ್ಲಿ. ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮೊದಲೇ ಕೊಂಬು ತೆಗೆಯಿರಿ, ಕುದ್ದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ತೆಗೆದ ಕೊಂಬನ್ನೂ ಅಣಬೆಯನ್ನೂ ಸಣ್ಣಗೆ ಹೆಚ್ಚಿ, ಸೋಯಾ ಸಾಸ್, ಚೂರು ಸಕ್ಕರೆ ಹಾಕಿ ನೀರು ಆರುವವರೆಗೆ ಬೇಯಿಸಿ. ಅನ್ನದ ಜೊತೆ ನೆಂಚಿಕೊಳ್ಳಲು ಬರುತ್ತದೆ. ಅಣಬೆಯ ತೊಟ್ಟು ಗಟ್ಟಿ ಅನ್ನಿಸಿದರೆ ತೆಳ್ಳಗೆ ಸೀಳಿ ಅದಕ್ಕೇ ಸೇರಿಸಿ.